ಕ್ಯೂ ಮೇಲೆ 19 ಔನ್ಸ್ ಅಂತ ಬರೆದಿದೆ, ನಿಜವಾಗಿ ಎಷ್ಟಿದೆ? ಮನೆಯಲ್ಲೇ ತೂಗಿ, ಅಳೆದು ನೋಡುವ ಸಮಗ್ರ ಮಾರ್ಗದರ್ಶಿ

ನನ್ನ ಹತ್ತಿರ ಎರಡು ಪೂಲ್ ಕ್ಯೂಗಳಿವೆ, ಅಂದರೆ ಪೂಲ್ ಆಟದಲ್ಲಿ ಬಾಲ್ ಹೊಡೆಯುವ ಕೋಲುಗಳು. ಎರಡನ್ನೂ 19 ಔನ್ಸ್ ಅಂತಲೇ ಕೊಟ್ಟಿದ್ದರು. ಆದರೆ ಕೈಗೆ ತಗೊಂಡರೆ ಒಂದು ಹಗುರ, ಇನ್ನೊಂದು ಭಾರ. ಎಷ್ಟೋ ದಿನ ಇದು ಬರೀ ನನ್ನ ಭ್ರಮೆ ಅಂದುಕೊಂಡಿದ್ದೆ. ಕೊನೆಗೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ನೋಡಿದೆ. ಒಂದು 528 ಗ್ರಾಂ, ಇನ್ನೊಂದು 549 ಗ್ರಾಂ. 21 ಗ್ರಾಂ ವ್ಯತ್ಯಾಸ. ಅಂದರೆ ಮುಕ್ಕಾಲು ಔನ್ಸ್.

ಕೊಟ್ಟವರು ಸುಳ್ಳು ಹೇಳಿರಲಿಲ್ಲ. 528 ಗ್ರಾಂ ಅಂದರೆ 18.6 ಔನ್ಸ್, 549 ಗ್ರಾಂ ಅಂದರೆ 19.4 ಔನ್ಸ್. ಹತ್ತಿರದ ಪೂರ್ಣ ಸಂಖ್ಯೆಗೆ ತಂದರೆ ಎರಡೂ 19. ಕ್ಯೂ ಮೇಲಿನ ಅಂಕಿ ಅಷ್ಟೇ. ಅದು ಸುಮಾರಾಗಿ ಯಾವ ಗುಂಪಿಗೆ ಸೇರುತ್ತದೆ ಅಂತ ಹೇಳುವ ಹೆಸರು, ಅಳತೆ ಅಲ್ಲ. ಅಳತೆ ಬೇಕು ಅಂದರೆ ನಾವೇ ಮಾಡಿಕೊಳ್ಳಬೇಕು. ಕಷ್ಟವೇನಿಲ್ಲ, ಆದರೆ ತಪ್ಪುವ ಜಾಗಗಳು ತುಂಬಾ ಇವೆ. ಅವನ್ನೆಲ್ಲ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲು ಬೇಕಾದ ಸಾಮಾನು

ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ. ಒಂದು ಅಳತೆ ಟೇಪು. ದಪ್ಪ ಅಳೆಯಲು ಒಂದು ಡಿಜಿಟಲ್ ಕ್ಯಾಲಿಪರ್. ಪುಸ್ತಕ ಮತ್ತು ಪೆನ್ನು. ಇಷ್ಟೇ ಸಾಕು.

ಪ್ರಯಾಣದ ಸೂಟ್‌ಕೇಸ್ ತೂಗುವ, ಕೊಕ್ಕೆ ಇರುವ ತಕ್ಕಡಿ ಈ ಕೆಲಸಕ್ಕೆ ಬೇಡ. ಅವುಗಳಲ್ಲಿ ಹೆಚ್ಚಿನವು 5 ಅಥವಾ 10 ಗ್ರಾಂ ಹೆಜ್ಜೆಯಲ್ಲಿ ಓದುತ್ತವೆ. ನಾವು ಹುಡುಕುತ್ತಿರುವ ವ್ಯತ್ಯಾಸವೇ 5 ಗ್ರಾಂ ಇರಬಹುದು, ಅಲ್ವಾ?

ಹೆಜ್ಜೆ 1: ಔನ್ಸ್ ಬಿಡಿ, ಗ್ರಾಂ ಹಿಡಿಯಿರಿ

ಪೂಲ್ ಲೋಕ ಔನ್ಸ್‌ನಲ್ಲೇ ಮಾತಾಡುತ್ತದೆ. ಆದರೂ ತೂಗುವಾಗ ಗ್ರಾಂನಲ್ಲೇ ತೂಗಿ. ಒಂದು ಔನ್ಸ್ ಅಂದರೆ 28.35 ಗ್ರಾಂ. ತಕ್ಕಡಿಯನ್ನು ಔನ್ಸ್‌ಗೆ ತಿರುಗಿಸಿದರೆ ಕೆಲವು ತಕ್ಕಡಿಗಳು ದೊಡ್ಡ ದೊಡ್ಡ ಹೆಜ್ಜೆಯಲ್ಲಿ ಓದುತ್ತವೆ. ಕಾಲು ಔನ್ಸ್ ಅಲ್ಲೇ ಮಾಯವಾಗಿಬಿಡುತ್ತದೆ.

ಇನ್ನೊಂದು ಅಪಾಯವೂ ಇದೆ. ಔನ್ಸ್ ಅನ್ನುವ ಹೆಸರಲ್ಲಿ ಮೂರು ಅಳತೆಗಳಿವೆ. ನಮಗೆ ಬೇಕಾದದ್ದು ಸಾಮಾನ್ಯ ಔನ್ಸ್. ಚಿನ್ನ ಬೆಳ್ಳಿ ತೂಗುವ ಟ್ರಾಯ್ ಔನ್ಸ್ 31.1 ಗ್ರಾಂ. ದ್ರವ ಅಳೆಯುವ ಫ್ಲೂಯಿಡ್ ಔನ್ಸ್ ಬೇರೆಯೇ. ತಕ್ಕಡಿಯ ಬಟನ್ ಒತ್ತುತ್ತಾ ಹೋದರೆ ಟ್ರಾಯ್‌ನಲ್ಲಿ ನಿಂತುಬಿಡಬಹುದು. ಆಗ 19 ಔನ್ಸ್ ಕ್ಯೂ 17.3 ಅಂತ ತೋರಿಸುತ್ತದೆ. ತಕ್ಕಡಿ ಸರಿಯಾಗೇ ಇರುತ್ತದೆ, ನಾವು ಓದಿದ್ದು ತಪ್ಪಾಗಿರುತ್ತದೆ.

ಈ ಪಟ್ಟಿಯನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ:

18 ಔನ್ಸ್ = 510 ಗ್ರಾಂ
18.5 ಔನ್ಸ್ = 524 ಗ್ರಾಂ
19 ಔನ್ಸ್ = 539 ಗ್ರಾಂ
19.5 ಔನ್ಸ್ = 553 ಗ್ರಾಂ
20 ಔನ್ಸ್ = 567 ಗ್ರಾಂ
21 ಔನ್ಸ್ = 595 ಗ್ರಾಂ

ಅರ್ಧ ಔನ್ಸ್ ಹೆಜ್ಜೆಯಲ್ಲಿ ಗುರುತು ಹಾಕಿದ ಕ್ಯೂ ಆದರೆ, 19 ಅನ್ನುವ ಗುರುತಿನಡಿ ಸುಮಾರು 532ರಿಂದ 546 ಗ್ರಾಂವರೆಗೆ ಏನು ಬೇಕಾದರೂ ಇರಬಹುದು. ಪೂರ್ಣ ಔನ್ಸ್ ಹೆಜ್ಜೆ ಆದರೆ 524ರಿಂದ 553ರವರೆಗೆ. ಕ್ಲಬ್ಬುಗಳಲ್ಲಿ ಗೋಡೆಗೆ ನಿಲ್ಲಿಸಿರುವ ಒಂದೇ ತುಂಡಿನ ಕ್ಯೂಗಳ ಮೇಲೆ 18, 19, 20, 21 ಅಂತ ಪೂರ್ಣ ಅಂಕಿಯೇ ಇರುತ್ತದೆ. ಅಲ್ಲಿ 19ರ ಎರಡು ಕ್ಯೂಗಳ ನಡುವೆ ಸುಮಾರು ಒಂದು ಔನ್ಸ್ ವ್ಯತ್ಯಾಸ ಬಂದರೂ ಆಶ್ಚರ್ಯ ಪಡಬೇಕಿಲ್ಲ.

ಹೆಜ್ಜೆ 2: ತಕ್ಕಡಿಯನ್ನೇ ಮೊದಲು ಪರೀಕ್ಷಿಸಿ

ಗಟ್ಟಿಯಾದ, ಮಟ್ಟವಾದ ಜಾಗದಲ್ಲಿ ತಕ್ಕಡಿ ಇಡಿ. ಕಾರ್ಪೆಟ್, ಹಾಸಿಗೆ, ಅಲ್ಲಾಡುವ ಮೇಜು ಬೇಡ. ಫ್ಯಾನ್ ಆಫ್ ಮಾಡಿ. ಆನ್ ಮಾಡಿದ ಮೇಲೆ ಒಂದೆರಡು ನಿಮಿಷ ಬಿಡಿ.

500 ಗ್ರಾಂನ ತೂಕದ ಕಲ್ಲು ಸಿಕ್ಕರೆ ಅದೇ ಒಳ್ಳೆಯದು. ಏಕೆಂದರೆ ಕ್ಯೂ ತೂಕ ಅದರ ಆಸುಪಾಸಿನಲ್ಲೇ ಇರುತ್ತದೆ. ಸಿಗದಿದ್ದರೆ ಇನ್ನೊಂದು ದಾರಿ ಇದೆ. ಮೂರು ಪೂಲ್ ಬಾಲ್ ತಗೊಳ್ಳಿ. ಒಂದೊಂದನ್ನೇ ತೂಗಿ ಬರೆದುಕೊಳ್ಳಿ. ಆಮೇಲೆ ಮೂರನ್ನೂ ಒಂದು ಬಟ್ಟಲಲ್ಲಿ ಹಾಕಿ, ಬಟ್ಟಲಿನ ತೂಕ ಕಳೆದು, ಒಟ್ಟಿಗೆ ತೂಗಿ. ಮೊತ್ತ ಹೊಂದಬೇಕು. ಮೂರು ಬಾಲ್ ಸೇರಿ 500 ಗ್ರಾಂ ಹತ್ತಿರ ಬರುವುದರಿಂದ ನಮಗೆ ಬೇಕಾದ ಮಟ್ಟದಲ್ಲೇ ಪರೀಕ್ಷೆ ಆಗುತ್ತದೆ. ಆದರೆ ಬಾಲ್‌ಗಳನ್ನೇ ತೂಕದ ಕಲ್ಲು ಅಂದುಕೊಳ್ಳಬೇಡಿ. ನಿಯಮದ ಪ್ರಕಾರವೇ ಒಂದು ಬಾಲ್ 5.5ರಿಂದ 6 ಔನ್ಸ್ ಒಳಗೆ, ಅಂದರೆ 156ರಿಂದ 170 ಗ್ರಾಂವರೆಗೆ ಇರಬಹುದು. ಈ ಪರೀಕ್ಷೆ ತಕ್ಕಡಿ ತನ್ನ ಮಾತಿಗೆ ತಾನು ನಿಲ್ಲುತ್ತದಾ ಅಂತ ಮಾತ್ರ ಹೇಳುತ್ತದೆ.

ಒಂದೇ ವಸ್ತುವನ್ನು ಐದು ಸಲ ಎತ್ತಿ, ಇಟ್ಟು ನೋಡಿ. ಓದು ಒಂದು ಗ್ರಾಂಗಿಂತ ಜಾಸ್ತಿ ಅಲ್ಲಾಡಿದರೆ ಬ್ಯಾಟರಿ ಬದಲಿಸಿ ಮತ್ತೆ ನೋಡಿ.

ಹೆಜ್ಜೆ 3: ಬಿಚ್ಚಿ, ಬೇರೆ ಬೇರೆ ತೂಗಿ

ಇಡೀ ಬರಹದಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಜೋಡಿಸಿದ ಕ್ಯೂ ಸುಮಾರು 58 ಇಂಚು, ಅಂದರೆ 147 ಸೆಂಟಿಮೀಟರ್ ಉದ್ದ. ಅದನ್ನು ಅಂಗೈ ಅಗಲದ ತಕ್ಕಡಿ ಮೇಲೆ ಅಡ್ಡ ಇಟ್ಟರೆ ಒಂದು ಕಡೆ ವಾಲುತ್ತದೆ. ತುದಿ ಮೇಜಿಗೆ ತಾಗಿದರೂ ತೂಕ ತಪ್ಪು, ಬೆರಳು ಕೊಟ್ಟರೂ ತಪ್ಪು. ನೆಟ್ಟಗೆ ನಿಲ್ಲಿಸಿ ಒಂದು ಬೆರಳಲ್ಲಿ ಹಿಡಿದುಕೊಳ್ಳುವವರಿದ್ದಾರೆ. ಅದೂ ಬೇಡ. ಗೊತ್ತಿಲ್ಲದೆಯೇ ಹತ್ತು ಗ್ರಾಂ ಒತ್ತಿರುತ್ತೇವೆ, ಇಲ್ಲವೇ ಎತ್ತಿರುತ್ತೇವೆ.

ಹಾಗಾಗಿ ಬಿಚ್ಚಿ. ಮುಂದಿನ ತುಂಡು ಶಾಫ್ಟ್, ಹಿಂದಿನ ತುಂಡು ಬಟ್. ತಕ್ಕಡಿ ಮೇಲೆ ಒಂದು ಚಿಕ್ಕ ರಟ್ಟಿನ ಡಬ್ಬಿ ಇಡಿ. ಅದರ ಎರಡು ಅಂಚಿನಲ್ಲಿ ಎದುರುಬದುರಾಗಿ ಸಣ್ಣ ಕಚ್ಚು ಮಾಡಿ, ತುಂಡು ಉರುಳದಂತೆ. ಡಬ್ಬಿ ಎತ್ತರ ಇರುವುದರಿಂದ ತಕ್ಕಡಿಯ ಅಂಕಿಯೂ ಕಾಣುತ್ತದೆ. ಟೇರ್ ಬಟನ್ ಒತ್ತಿ ಸೊನ್ನೆ ಮಾಡಿ. ಈಗ ಶಾಫ್ಟ್ ಎರಡೂ ಕಡೆ ವಾಲದೆ ನಿಲ್ಲುವ ಜಾಗ ಹುಡುಕಿ, ಆ ಜಾಗ ತಕ್ಕಡಿಯ ನಡುಮಧ್ಯಕ್ಕೆ ಬರುವಂತೆ ಇಡಿ. ಭಾರ ಮೂಲೆಗೆ ಬಿದ್ದರೆ ಅಗ್ಗದ ತಕ್ಕಡಿಗಳು ತಪ್ಪು ಓದುತ್ತವೆ. ಮೂರು ಸಲ ತೂಗಿ, ನಡುವಿನ ಅಂಕಿ ಬರೆದುಕೊಳ್ಳಿ. ಬಟ್‌ಗೂ ಹೀಗೆಯೇ. ಎರಡನ್ನೂ ಕೂಡಿಸಿ.

ತೂಗುವ ಮುಂಚೆ ಜಾಯಿಂಟ್ ಪ್ರೊಟೆಕ್ಟರ್‌ಗಳನ್ನು, ಅಂದರೆ ಜೋಡಣೆಯ ತುದಿಗೆ ಹಾಕುವ ಮುಚ್ಚಳಗಳನ್ನು ತೆಗೆಯಿರಿ. ಇದನ್ನು ಮರೆಯುವವರೇ ಜಾಸ್ತಿ. ಲೋಹದ ಮುಚ್ಚಳ ಆದರೆ ಅದೊಂದೇ ಅಂಕಿಯನ್ನು ಅರ್ಧ ಔನ್ಸ್ ಮೇಲಕ್ಕೆ ತಳ್ಳಬಲ್ಲದು. ಹಿಂದಿನ ರಬ್ಬರ್ ಬಂಪರ್ ಮಾತ್ರ ಇರಲಿ. ಆಡುವಾಗ ಅದು ಇದ್ದೇ ಇರುತ್ತದೆ. ಎಕ್ಸ್‌ಟೆನ್ಷನ್, ಅಂದರೆ ಕ್ಯೂ ಉದ್ದ ಮಾಡಲು ಜೋಡಿಸುವ ತುಂಡು, ಇದ್ದರೆ ಬೇರೆ ತೂಗಿ, ಬೇರೆ ಬರೆಯಿರಿ.

ಬೇರೆ ಬೇರೆ ತೂಗುವುದರಿಂದ ಸಿಗುವ ದೊಡ್ಡ ಲಾಭ ಬೇರೆಯೇ ಇದೆ. ನನ್ನ ಕ್ಯೂಗಳ ಲೆಕ್ಕ ನೋಡಿ. ಹಗುರ ಅನ್ನಿಸುತ್ತಿದ್ದ ಕ್ಯೂ: ಶಾಫ್ಟ್ 108, ಬಟ್ 420. ಭಾರ ಅನ್ನಿಸುತ್ತಿದ್ದದ್ದು: ಶಾಫ್ಟ್ 121, ಬಟ್ 428. ಒಟ್ಟು 21 ಗ್ರಾಂ ವ್ಯತ್ಯಾಸದಲ್ಲಿ 13 ಗ್ರಾಂ ಶಾಫ್ಟ್‌ನಲ್ಲೇ ಇತ್ತು! ನಾನು ಬಟ್ ಭಾರ ಇರಬೇಕು ಅಂದುಕೊಂಡಿದ್ದೆ. ಒಟ್ಟು ತೂಕ ಮಾತ್ರ ನೋಡಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. ಒಂದೇ ಬಟ್‌ಗೆ ಎರಡು ಶಾಫ್ಟ್ ಇಟ್ಟುಕೊಂಡವರಂತೂ ಎರಡನ್ನೂ ತೂಗಲೇಬೇಕು. ಶಾಫ್ಟ್ ಬದಲಾದರೆ ಕ್ಯೂ ತೂಕವೂ ಬದಲಾಯಿತು. ಬಟ್ ಮೇಲಿನ ಗುರುತು ಮಾತ್ರ ಹಾಗೇ ಇರುತ್ತದೆ.

ಹೆಜ್ಜೆ 4: ಬ್ಯಾಲೆನ್ಸ್ ಪಾಯಿಂಟ್ ಹುಡುಕಿ

ಕ್ಯೂ ಜೋಡಿಸಿ. ಒಂದು ಪೆನ್ಸಿಲ್ ಅಥವಾ ತೆಳು ಪಟ್ಟಿಯ ಅಂಚಿನ ಮೇಲೆ ಅಡ್ಡ ಇಟ್ಟು, ಎರಡೂ ಕಡೆ ವಾಲದೆ ನಿಲ್ಲುವ ಜಾಗ ಹುಡುಕಿ. ಅಲ್ಲಿ ಸಣ್ಣ ಟೇಪ್ ಅಂಟಿಸಿ. ಬಂಪರ್‌ನ ತುದಿಯಿಂದ ಆ ಗುರುತಿಗೆ ಅಳೆಯಿರಿ. ಸಾಮಾನ್ಯವಾಗಿ 18ರಿಂದ 20 ಇಂಚಿನ ನಡುವೆ, ಅಂದರೆ 46ರಿಂದ 51 ಸೆಂಟಿಮೀಟರ್ ಬರುತ್ತದೆ.

ನನ್ನ ಹಗುರ ಕ್ಯೂ 46.8 ಸೆಂಟಿಮೀಟರ್‌ನಲ್ಲಿ ನಿಂತಿತು, ಭಾರದ್ದು 48.4ರಲ್ಲಿ. ಎರಡರ ಜಾಯಿಂಟ್ ಒಂದೇ ಬಗೆಯದು. ಹಾಗಾಗಿ ಶಾಫ್ಟ್ ಅದಲುಬದಲು ಮಾಡಿ ನೋಡಿದೆ. ಈಗ ಒಂದು 541 ಗ್ರಾಂ, ಇನ್ನೊಂದು 536. ಎರಡೂ ನಿಜವಾದ 19 ಔನ್ಸ್ ಹತ್ತಿರ ಬಂದವು. ಆದರೂ ಕೈಗೆ ಎರಡೂ ಒಂದೇ ಅನ್ನಿಸಲಿಲ್ಲ. ಬ್ಯಾಲೆನ್ಸ್ ಅಳೆದರೆ 48.2 ಮತ್ತು 47.0. ತೂಕದಲ್ಲಿ 5 ಗ್ರಾಂ ಮಾತ್ರ ಫರಕು, ಬ್ಯಾಲೆನ್ಸ್‌ನಲ್ಲಿ ಮಾತ್ರ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ. ಕೈ ಹೇಳುತ್ತಿದ್ದದ್ದು ಇದನ್ನೇ. ಅವತ್ತಿನಿಂದ ಯಾರಾದರೂ ಕ್ಯೂ ತೂಕ ಎಷ್ಟು ಅಂತ ಕೇಳಿದರೆ, ಬ್ಯಾಲೆನ್ಸ್ ಹೇಳದೆ ತೂಕ ಹೇಳುವುದಿಲ್ಲ.

ಹಾಗಾದರೆ ತೂಕ ಬಾಲ್‌ಗೆ ಎಷ್ಟು ಮುಖ್ಯ? ಲೆಕ್ಕ ಹಾಕಬಹುದು. 170 ಗ್ರಾಂ ಕ್ಯೂ ಬಾಲ್‌ಗೆ, ಅಂದರೆ ಕ್ಯೂನಿಂದ ಹೊಡೆಯುವ ಬಿಳಿ ಬಾಲ್‌ಗೆ, 19 ಔನ್ಸ್ ಕ್ಯೂ ಬದಲು 20 ಔನ್ಸ್ ಕ್ಯೂ ಅದೇ ವೇಗದಲ್ಲಿ ಬಡಿದರೆ, ಬಾಲ್ ವೇಗ ಶೇಕಡಾ 1ಕ್ಕಿಂತ ಸ್ವಲ್ಪ ಮೇಲೆ ಹೆಚ್ಚುತ್ತದೆ. ಒಂದು ಪೂರ್ಣ ಔನ್ಸ್‌ಗೆ ಇಷ್ಟೇ. ಅಂದರೆ ಕಾಲು ಔನ್ಸ್ ತಪ್ಪಿನಿಂದ ಬಾಲ್ ಪಾಕೆಟ್ ತಪ್ಪುವುದಿಲ್ಲ. ಬದಲಾಗುವುದು ನಮ್ಮ ಕೈಯ ಲಯ. ಅಭ್ಯಾಸವಾದ ಕ್ಯೂ ಕಳೆದು, ಅದೇ ತರಹದ್ದು ಇನ್ನೊಂದು ಬೇಕು ಅನ್ನುವಾಗ ಈ ಅಂಕಿಗಳ ಬೆಲೆ ಗೊತ್ತಾಗುತ್ತದೆ.

ಹೆಜ್ಜೆ 5: ಉದ್ದ

ಉದ್ದದಲ್ಲಿ ಒಂದೇ ಗೊಂದಲ. ಬಂಪರ್ ಸೇರಿಸಿದರಾ, ಇಲ್ಲವಾ? ಟಿಪ್, ಅಂದರೆ ಬಾಲ್‌ಗೆ ತಾಗುವ ಮುಂದಿನ ತುದಿ, ಸೇರಿಸಿದರಾ, ಇಲ್ಲವಾ? ನಾನು ಟಿಪ್ ತುದಿಯಿಂದ ಬಂಪರ್ ತುದಿವರೆಗೆ ಅಳೆದು, ಹಾಗಂತ ಬರೆದಿಡುತ್ತೇನೆ. ಶಾಫ್ಟ್ ಮತ್ತು ಬಟ್ ಉದ್ದ ಬೇರೆ ಬೇರೆ ಅಳೆದರೆ, ಬಟ್‌ನಿಂದ ಹೊರಗೆ ಚಾಚಿರುವ ಪಿನ್, ಅಂದರೆ ಎರಡು ತುಂಡು ಜೋಡಿಸುವ ತಿರುಪು, ಲೆಕ್ಕಕ್ಕೆ ಸೇರಬಾರದು. 58 ಇಂಚಿನ ಕ್ಯೂ ಅನೇಕ ಸಲ 29 ಮತ್ತು 29 ಆಗಿ ಭಾಗವಾಗಿರುತ್ತದೆ.

ಹೆಜ್ಜೆ 6: ಟಿಪ್ ವ್ಯಾಸ ಮತ್ತು ಟೇಪರ್

ಕ್ಯಾಲಿಪರ್ ದವಡೆ ಒರೆಸಿ, ಮುಚ್ಚಿ, ಸೊನ್ನೆ ಬಂದಿದೆಯಾ ನೋಡಿ. ಟಿಪ್ ಮೇಲೆ ಅಳೆಯಬೇಡಿ. ಟಿಪ್ ಚರ್ಮದ್ದು, ಹೊಡೆದೂ ಹೊಡೆದೂ ಅಣಬೆಯ ಹಾಗೆ ಅಂಚು ಹರಡಿಕೊಳ್ಳುತ್ತದೆ. ಅದರ ಕೆಳಗಿನ ಬಿಳಿ ತುಂಡು, ಅಂದರೆ ಫೆರೂಲ್ ಮೇಲೆ ಅಳೆಯಿರಿ. ಒಮ್ಮೆ ಅಳೆದು, ಶಾಫ್ಟನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಎರಡೂ ಒಂದೇ ಬಂದರೆ ದುಂಡಗಿದೆ. 0.1 ಮಿ.ಮೀ. ವ್ಯತ್ಯಾಸ ಬಂದರೆ ಯಾರೋ ಸ್ಯಾಂಡ್ ಪೇಪರ್ ಹಾಕಿ ಒಂದೇ ಕಡೆ ತೀಡಿರಬಹುದು. ಹಳೆ ಶಾಫ್ಟ್‌ಗಳಲ್ಲಿ ಇದು ಸಾಮಾನ್ಯ. 13 ಮಿ.ಮೀ. ಅಂತ ಹುಟ್ಟಿದ ಶಾಫ್ಟ್, ಪ್ರತಿ ತಿಂಗಳು ತೀಡಿಸಿಕೊಂಡು 12.7ಕ್ಕೆ ಇಳಿದಿರುತ್ತದೆ.

ಇಲ್ಲಿ ದಶಾಂಶಕ್ಕೆ ಅರ್ಥವಿದೆ. ಪ್ರೆಡೇಟರ್ ಕಂಪನಿಯ 314 ಶಾಫ್ಟ್ 12.75 ಮಿ.ಮೀ., ಅದೇ ಕಂಪನಿಯ ಝಡ್ ಶಾಫ್ಟ್ 11.75 ಮಿ.ಮೀ. ಒಂದು ಮಿ.ಮೀ. ಅಷ್ಟೇ, ಆದರೆ ಬೆರಳ ನಡುವೆ ಹಾದುಹೋಗುವಾಗ ಎರಡೂ ಬೇರೆ ಆಟದ ಸಾಮಾನಿನ ಹಾಗೆ ಅನ್ನಿಸುತ್ತವೆ.

ಟೇಪರ್ ಅಂದರೆ ಶಾಫ್ಟ್ ಟಿಪ್‌ನಿಂದ ಹಿಂದಕ್ಕೆ ಹೇಗೆ ದಪ್ಪವಾಗುತ್ತಾ ಹೋಗುತ್ತದೆ ಅನ್ನುವುದು. ಟಿಪ್‌ನಿಂದ ಪ್ರತಿ 5 ಸೆಂಟಿಮೀಟರ್‌ಗೆ ಒಂದು ಅಳತೆ ತಗೊಂಡು ಸಾಲಾಗಿ ಬರೆಯಿರಿ. ಮೊದಲ 25, 30 ಸೆಂಟಿಮೀಟರ್ ಹೆಚ್ಚುಕಮ್ಮಿ ಒಂದೇ ಅಂಕಿ ಬಂದರೆ ಅದು ಪ್ರೊ ಟೇಪರ್. ಶುರುವಿನಿಂದಲೇ ಸಮನಾಗಿ ಏರುತ್ತಾ ಹೋದರೆ ಕೋನಿಕಲ್ ಟೇಪರ್. ಶಾಫ್ಟ್ ಮೇಲೆ ಲೋಹದ ದವಡೆ ಗೀರು ಮಾಡದಂತೆ ಹಗುರವಾಗಿ ಮುಚ್ಚಿ, ಎಳೆಯಬೇಡಿ.

ಟಿಪ್‌ನ ಗುಮ್ಮಟದ ಆಕಾರವನ್ನು ನಿಕಲ್, ಡೈಮ್ ಅಂತ ಹೇಳುತ್ತಾರೆ. ಇವು ಅಮೆರಿಕದ ನಾಣ್ಯಗಳು. ನಿಕಲ್‌ನ ವ್ಯಾಸ 21.2 ಮಿ.ಮೀ., ಡೈಮ್‌ನದ್ದು 17.9. ಡೈಮ್ ಆಕಾರ ಜಾಸ್ತಿ ದುಂಡು. ಆ ವ್ಯಾಸದ ವೃತ್ತವನ್ನು ದಪ್ಪ ಕಾಗದದಲ್ಲಿ ಕತ್ತರಿಸಿ, ಉಳಿದ ರಂಧ್ರದ ಅಂಚನ್ನು ಟಿಪ್ ಮೇಲೆ ಕೂರಿಸಿ ನೋಡಿದರೆ ಗೊತ್ತಾಗುತ್ತದೆ.

ಹೆಜ್ಜೆ 7: ಜಾಯಿಂಟ್ ಪಿನ್

ಹೊಸ ಶಾಫ್ಟ್ ಕೊಳ್ಳುವ ಯೋಚನೆ ಇದ್ದರೆ ಈ ಹೆಜ್ಜೆಯಲ್ಲಿ ಅವಸರ ಬೇಡ. ಪಿನ್‌ಗೆ ಎರಡು ಅಂಕಿ: ದಪ್ಪ, ಮತ್ತು ಇಂಚಿಗೆ ಎಷ್ಟು ಥ್ರೆಡ್, ಅಂದರೆ ತಿರುಪಿನ ಏಣು. 5/16-14, 5/16-18, 3/8-10, 3/8-11 ಹೀಗೆ. 5/16 ಇಂಚು ಅಂದರೆ 7.9 ಮಿ.ಮೀ., 3/8 ಅಂದರೆ 9.5 ಮಿ.ಮೀ. ಥ್ರೆಡ್ ಕೊರೆಯುವಾಗಲೇ ಹೆಸರಿನ ಅಳತೆಗಿಂತ ತುಸು ಕಡಿಮೆ ಇಡುವುದರಿಂದ ಅಳತೆ ಇದಕ್ಕಿಂತ ಸ್ವಲ್ಪ ಕಡಿಮೆ ಬರಬಹುದು.

ಥ್ರೆಡ್ ಎಣಿಸಲು ಒಂದು ಉಪಾಯ. ಒಂದು ಏಣಿನ ತಲೆಯಿಂದ ಐದು ಏಣು ಆಚೆಯ ತಲೆವರೆಗೆ ಅಳೆಯಿರಿ. 10ರ ಥ್ರೆಡ್ ಆದರೆ 12.7 ಮಿ.ಮೀ. ಬರುತ್ತದೆ, 11 ಆದರೆ 11.5, 14 ಆದರೆ 9.1, 18 ಆದರೆ 7.1. 3/8-10 ಮತ್ತು 3/8-11 ಕಣ್ಣಿಗೆ ಒಂದೇ ತರಹ ಕಾಣುತ್ತವೆ. ಒಂದೆರಡು ಸುತ್ತು ಕೂಡ ಹೋಗುತ್ತದೆ. ಆಮೇಲೆ ಬಿಗಿಯಾಗುತ್ತದೆ. ಬಿಗಿಯಾದ ಕೂಡಲೇ ನಿಲ್ಲಿಸಿ. ಬಲ ಹಾಕಿದರೆ ಶಾಫ್ಟ್ ಒಳಗಿನ ಥ್ರೆಡ್ ಹರಿದುಹೋಗುತ್ತದೆ. ರೇಡಿಯಲ್, ಯೂನಿ-ಲಾಕ್ ತರಹದ ಪಿನ್‌ಗಳಿಗೆ ಅವುಗಳದ್ದೇ ಆಕಾರ ಇದೆ. ಅವನ್ನು ಅಳತೆಗಿಂತ ಫೋಟೋ ಹೋಲಿಸಿ ಗುರುತಿಸುವುದೇ ಸುಲಭ. ಜಾಯಿಂಟ್ ಕಾಲರ್‌ನ, ಅಂದರೆ ಜೋಡಣೆಯ ಅಂಚಿನ ಪಟ್ಟಿಯ ವ್ಯಾಸವನ್ನೂ ಎರಡೂ ತುಂಡಿನಲ್ಲಿ ಅಳೆದಿಡಿ. ಥ್ರೆಡ್ ಹೊಂದಿದರೂ ಅಂಚು ಹೊಂದದೆ ಮೆಟ್ಟಿಲು ಬರುವುದು ಇಲ್ಲೇ.

ಹೆಜ್ಜೆ 8: ತೇವ

ಮರ ಗಾಳಿಯ ತೇವ ಕುಡಿಯುತ್ತದೆ, ಬಿಡುತ್ತದೆ. 110 ಗ್ರಾಂನ ಮೇಪಲ್ ಶಾಫ್ಟ್‌ನ ತೇವಾಂಶ ಶೇಕಡಾ 6ರಿಂದ 10ಕ್ಕೆ ಏರಿತು ಅಂದುಕೊಳ್ಳಿ. ತೂಕ 4 ಗ್ರಾಂ ಹೆಚ್ಚುತ್ತದೆ. ಮೇಲೆ ಹಚ್ಚಿದ ಪಾಲಿಶ್ ಇದನ್ನು ನಿಧಾನ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ. ಹಾಗಾಗಿ ಒಣ ಕಾಲದಲ್ಲಿ ತೂಗಿದ್ದಕ್ಕೂ ಮಳೆಗಾಲದಲ್ಲಿ ತೂಗಿದ್ದಕ್ಕೂ ಒಂದೆರಡು ಗ್ರಾಂ ಫರಕು ಬಂದರೆ ತಕ್ಕಡಿಯನ್ನು ಅನುಮಾನಿಸಬೇಡಿ. ಕಾರ್ಬನ್ ಫೈಬರ್ ಶಾಫ್ಟ್‌ಗೆ ಈ ತೊಂದರೆ ಇಲ್ಲ. ದಿನಾಂಕ ಬರೆದಿಡಿ, ಸಾಕು.

ಹೆಜ್ಜೆ 9: ತೂಕ ಬದಲಿಸಬೇಕಾದರೆ

ಎರಡು ತುಂಡಿನ ಎಷ್ಟೋ ಕ್ಯೂಗಳಲ್ಲಿ ಬಂಪರ್ ಹಿಂದೆ, ಬಟ್ ಒಳಗೆ, ವೇಟ್ ಬೋಲ್ಟ್ ಇರುತ್ತದೆ. ಬಂಪರ್ ತೆಗೆದು, ಉದ್ದ ಅಲನ್ ಕೀ ಹಾಕಿ ತಿರುಗಿಸಿದರೆ ಹೊರಬರುತ್ತದೆ. ಒಂದೇ ಅಳತೆಯ ಬೋಲ್ಟ್ ಉಕ್ಕಿನದ್ದಾದರೆ, ಅಲ್ಯೂಮಿನಿಯಂನದ್ದಕ್ಕಿಂತ ಸುಮಾರು ಮೂರು ಪಟ್ಟು ಭಾರ. ಹೊಸ ಬೋಲ್ಟ್ ಮೇಲೆ ಬರೆದ ತೂಕವನ್ನೂ ನಂಬಬೇಡಿ, ತೂಗಿ. ಹಳೆಯದನ್ನೂ ತೂಗಿ.

ಚಿಕ್ಕ ವಸ್ತು ತೂಗುವಾಗ ಒಂದು ಎಚ್ಚರಿಕೆ. ಕೆಲವು ತಕ್ಕಡಿಗಳು ಸೊನ್ನೆಯ ಹತ್ತಿರದ ಸಣ್ಣ ತೂಕವನ್ನು ನುಂಗಿ, ಮತ್ತೆ ಸೊನ್ನೆಯೇ ತೋರಿಸುತ್ತವೆ. ಟಿಪ್, ಬಂಪರ್, ಚಿಕ್ಕ ಬೋಲ್ಟ್ ತೂಗುವಾಗ ಮೊದಲು ಒಂದು ಬಾಲ್ ಇಟ್ಟು ಓದಿಕೊಳ್ಳಿ. ಆಮೇಲೆ ವಸ್ತುವನ್ನು ಜೊತೆಗೆ ಇಟ್ಟು ಓದಿ. ವ್ಯತ್ಯಾಸವೇ ಅದರ ತೂಕ.

ಬೋಲ್ಟ್ ತಿರುಗದಿದ್ದರೆ ಬಿಟ್ಟುಬಿಡಿ. ಕೆಲವು ಕ್ಯೂಗಳಲ್ಲಿ ಅದನ್ನು ಅಂಟು ಹಾಕಿ ಕೂರಿಸಿರುತ್ತಾರೆ. ಕೆಲವದರಲ್ಲಿ ಬಟ್‌ನ ಭಾಗಗಳನ್ನು ಹಿಡಿದಿಡುವುದೇ ಆ ಬೋಲ್ಟ್. ಜಗ್ಗಿದರೆ ಕ್ಯೂ ಹಾಳಾಗುತ್ತದೆ.

ಹಿಂದೆ ಭಾರ ಹಾಕಿದರೆ ಬ್ಯಾಲೆನ್ಸ್ ಹಿಂದಕ್ಕೆ ಬರುತ್ತದೆ. ಎಷ್ಟು ಅಂತ ಮೊದಲೇ ಲೆಕ್ಕ ಹಾಕಬಹುದು. ಹಳೆ ತೂಕವನ್ನು ಹಳೆ ಬ್ಯಾಲೆನ್ಸ್‌ನಿಂದ ಗುಣಿಸಿ. ಸೇರಿಸುವ ತೂಕವನ್ನು ಅದು ಕೂರುವ ದೂರದಿಂದ ಗುಣಿಸಿ. ಎರಡನ್ನೂ ಕೂಡಿಸಿ, ಹೊಸ ಒಟ್ಟು ತೂಕದಿಂದ ಭಾಗಿಸಿ. ನನ್ನ 528 ಗ್ರಾಂ ಕ್ಯೂಗೆ, ಬಂಪರ್ ತುದಿಯಿಂದ 8 ಸೆಂಟಿಮೀಟರ್ ದೂರದಲ್ಲಿ, 28 ಗ್ರಾಂ ಸೇರಿಸಿದರೆ ಬ್ಯಾಲೆನ್ಸ್ 46.8ರಿಂದ 44.8ಕ್ಕೆ ಇಳಿಯುತ್ತದೆ. ಪೂರ್ತಿ 2 ಸೆಂಟಿಮೀಟರ್! ಮುಂದೆ ಭಾರ ಬೇಕು ಅಂತ ಹೊರಟವರು ಬೋಲ್ಟ್ ಹಾಕಿ, ಮುಂದಿನ ತುದಿ ಇನ್ನೂ ಹಗುರವಾಯಿತು ಅಂತ ಬೇಜಾರು ಮಾಡಿಕೊಳ್ಳುವುದು ಇದಕ್ಕೇ.

ಟೂರ್ನಮೆಂಟ್ ಆಡುವವರು ಮಿತಿಗಳನ್ನೂ ನೋಡಿಕೊಳ್ಳಿ. ವಿಶ್ವ ಪೂಲ್ ಸಂಸ್ಥೆ ಡಬ್ಲ್ಯೂಪಿಎ ನಿಯಮದಲ್ಲಿ ಕ್ಯೂ ತೂಕ 25 ಔನ್ಸ್ ಮೀರಬಾರದು, ಉದ್ದ 40 ಇಂಚಿಗಿಂತ ಕಡಿಮೆ ಇರಬಾರದು, ಟಿಪ್ 14 ಮಿ.ಮೀ. ದಾಟಬಾರದು. ಸಾಮಾನ್ಯ ಆಟದ ಕ್ಯೂಗೆ ಇದರಿಂದ ತೊಂದರೆ ಇಲ್ಲ. ಬಾಲ್ ಹಾರಿಸಲು ಬಳಸುವ ಗಿಡ್ಡ ಜಂಪ್ ಕ್ಯೂ ಇದ್ದರೆ ಮಾತ್ರ ಉದ್ದ ಅಳೆದು ನೋಡಿ.

ಬರೆದಿಡುವ ರೀತಿ

ನನ್ನ ಪುಸ್ತಕದಲ್ಲಿ ಪ್ರತಿ ಕ್ಯೂಗೆ ಒಂದು ಪುಟ. ದಿನಾಂಕ, ಶಾಫ್ಟ್ ಗ್ರಾಂ, ಬಟ್ ಗ್ರಾಂ, ಬೋಲ್ಟ್ ಗ್ರಾಂ, ಬ್ಯಾಲೆನ್ಸ್, ಉದ್ದ, ಫೆರೂಲ್ ವ್ಯಾಸ, ಟೇಪರ್ ಸಾಲು, ಪಿನ್. ಟಿಪ್ ಬದಲಿಸಿದರೆ, ಹಿಡಿಕೆಯ ದಾರ ತೆಗೆಸಿ ಚರ್ಮ ಸುತ್ತಿಸಿದರೆ ಕೆಳಗೆ ಹೊಸ ಸಾಲು.

ಬೇರೆಯವರಿಂದ ಕ್ಯೂ ಕೊಳ್ಳುವಾಗಲೂ ಇವೇ ಅಂಕಿಗಳನ್ನು ಕೇಳಿ. "19 ಔನ್ಸಾ?" ಅಂತ ಕೇಳಿದರೆ ಹೌದು ಅನ್ನುವ ಉತ್ತರವೇ ಬರುತ್ತದೆ. "ಮುಚ್ಚಳ ತೆಗೆದು, ಶಾಫ್ಟ್ ಬೇರೆ ಬಟ್ ಬೇರೆ ತೂಗಿ, ಗ್ರಾಂನಲ್ಲಿ ಎಷ್ಟು ಬಂತು ಅಂತ ಫೋಟೋ ಕಳಿಸ್ತೀರಾ?" ಅಂತ ಕೇಳಿ. ಬ್ಯಾಲೆನ್ಸ್‌ನ ಫೋಟೋವನ್ನೂ ಕೇಳಿ, ಪಕ್ಕದಲ್ಲಿ ಅಳತೆ ಟೇಪು ಹಾಸಿರಲಿ. ಕ್ಯೂ ಕೈಗೆ ಬಂದ ದಿನ ನೀವೂ ತೂಗಿ, ಅವರು ಕಳಿಸಿದ ಅಂಕಿಯ ಪಕ್ಕದಲ್ಲೇ ನಿಮ್ಮದನ್ನು ಬರೆಯಿರಿ.